ಕೊಂಬೆಗೆ ಕಟ್ಟಿದ ಹರಕೆ

ಮೊನ್ನೆ ಬೆಳಗ್ಗೆ ನಾನೂ ಚುಕ್ಕಿಯೂ ಬೆಟ್ಟದ ದಾರಿ ಹಿಡಿದಿದ್ದೆವು. ಚುಕ್ಕಿ ಅಂದರೆ ನನ್ನ ನಾಯಿ. ಅರ್ಧ ಕಿಲೋಮೀಟರ್ ಕೂಡ ಆಗಿರಲಿಲ್ಲ, ದಾರಿ ಪಕ್ಕದ ಗಿಡದ ಕೊಂಬೆಯಲ್ಲಿ ನೀಲಿ ಬಣ್ಣದ ಪುಟ್ಟ ಚೀಲವೊಂದು ತೂಗಾಡುತ್ತಿತ್ತು. ಬಾಯಿಗೆ ಎರಡು ಗಂಟು. ಮೇಲೆ ಇಬ್ಬನಿ. ಒಳಗೇನಿದೆ ಅಂತ ನಾನು ಹೇಳಬೇಕಾಗಿಲ್ಲ. ನಾಯಿ ಕಟ್ಟಿಕೊಂಡು ಬೆಟ್ಟ ಹತ್ತುವವರಿಗೆಲ್ಲ ಗೊತ್ತು. ಹತ್ತದವರು ಮೂಗು ಮುಚ್ಚಿಕೊಂಡು ಊಹಿಸಿಕೊಳ್ಳಿ.

ನನಗೆ ಆ ಮಹಾನುಭಾವರ ಮೇಲೆ ಗೌರವವಿದೆ. ನಿಜವಾಗಿ. ಸುಮ್ನೆ ಯೋಚನೆ ಮಾಡಿ. ಮನೆಯಿಂದ ಹೊರಡುವಾಗ ನೆನಪಿಟ್ಟು ಚೀಲ ತಂದಿದ್ದಾರೆ. ನಾಯಿ ಕೂತಾಗ ಪಕ್ಕದಲ್ಲಿ ನಿಂತು ಆಕಾಶ ನೋಡಿದ್ದಾರೆ. ಬಗ್ಗಿ, ಉಸಿರು ಬಿಗಿ ಹಿಡಿದು, ಬಿಸಿಬಿಸಿಯಾಗಿ ಎತ್ತಿದ್ದಾರೆ, ಗಂಟು ಹಾಕಿದ್ದಾರೆ, ಸಾಲದು ಅಂತ ಇನ್ನೊಂದು ಗಂಟು ಹಾಕಿದ್ದಾರೆ. ಕಷ್ಟದ ಕೆಲಸವೆಲ್ಲ ಮುಗಿದಿದೆ. ಉಳಿದಿದ್ದು ಹಿಡಿದುಕೊಂಡು ನಡೆಯೋದು ಮಾತ್ರ. ಅಲ್ಲಿಗೆ ಬಂದು ಅವರಿಗೆ ಮರ ಕಂಡಿದೆ, ಹರಕೆ ಕಟ್ಟಿ ಕೈ ತೊಳೆದುಕೊಂಡಿದ್ದಾರೆ. ಯಾವ ದೇವರಿಗೆ, ಏನು ಬೇಡಿಕೊಂಡು ಅಂತ ಗೊತ್ತಿಲ್ಲ. ನೆಲದಲ್ಲೇ ಬಿಟ್ಟಿದ್ದರೆ ಮಳೆಗೋ ಹುಳಕ್ಕೋ ಒಂದು ಪಾಲಾದರೂ ಸಿಗುತ್ತಿತ್ತು. ಈಗ ಅದು ಲಾಕರಿನಲ್ಲಿಟ್ಟ ಒಡವೆಯ ಹಾಗೆ ಭದ್ರ. ಮೊಮ್ಮಕ್ಕಳು ಬಂದು ನೋಡಬಹುದು.

ಕೇಳಿದರೆ ಉತ್ತರ ರೆಡಿ ಇರುತ್ತದೆ. "ವಾಪಸ್ ಬರುವಾಗ ತಗೊಂಡು ಹೋಗ್ತೀವಿ ಸಾರ್." ಸರಿ ಸ್ವಾಮಿ. ಆದರೆ ಈ ದಾರಿ ಬೆಟ್ಟ ಸುತ್ತಿ ಇನ್ನೊಂದು ಮಗ್ಗುಲಿಗೆ ಇಳಿಯುತ್ತದೆ, ಇದೇ ದಾರಿಯಲ್ಲಿ ವಾಪಸ್ ಬರುವವರು ಎಷ್ಟು ಜನ!

ಇನ್ನು ಕೆಲವರು ಚೀಲದ ಮೇಲಿನ ಹಸಿರು ಎಲೆಯ ಚಿತ್ರ ತೋರಿಸುತ್ತಾರೆ. ಮಣ್ಣಲ್ಲಿ ಮಣ್ಣಾಗುವ ಚೀಲವಂತೆ. ಅಂಥ ಚೀಲಗಳಲ್ಲಿ ಹೆಚ್ಚಿನವು ಕರಗಬೇಕಾದರೆ ದೊಡ್ಡ ಕಾಂಪೋಸ್ಟ್ ಘಟಕದ ಐವತ್ತು ಅರವತ್ತು ಡಿಗ್ರಿ ಶಾಖ ಬೇಕು, ಹದ ತಪ್ಪದ ತೇವ ಬೇಕು, ಅದನ್ನು ತಿನ್ನುವ ಸೂಕ್ಷ್ಮಜೀವಿಗಳ ದಂಡು ಬೇಕು. ಕೊಂಬೆಯ ಮೇಲೆ ತಣ್ಣನೆ ಗಾಳಿಯಲ್ಲಿ ಜೋತಾಡಿದರೆ ಎಲ್ಲಿಂದ ಮಣ್ಣಾಗುತ್ತದೆ? ಮಣ್ಣಾಗಲಿಕ್ಕೆ ಮೊದಲು ಮಣ್ಣು ಮುಟ್ಟಬೇಕು ಅಲ್ವಾ.

ಚೀಲವನ್ನೇ ತರದವರು ಇನ್ನೂ ಮೇಲಿನ ದರ್ಜೆಯವರು. ಅವರದು ತತ್ವಜ್ಞಾನ. "ಕಾಡಿನ ಪ್ರಾಣಿಗಳು ಮಾಡಲ್ವಾ? ಅವಕ್ಕೆ ಯಾರು ಚೀಲ ಹಿಡೀತಾರೆ?" ಮೊದಲ ಸಲ ಕೇಳಿದಾಗ ನನಗೂ ಹೌದಲ್ಲ ಅನಿಸಿತ್ತು. ಆಮೇಲೆ ಲೆಕ್ಕ ಹೊಳೆಯಿತು. ಕಾಡಿನ ಜಿಂಕೆ ಅಲ್ಲೇ ಮೇಯುತ್ತದೆ, ಅಲ್ಲೇ ಹಾಕುತ್ತದೆ. ಜಮಾ ಖರ್ಚು ಸರಿಹೋಗುತ್ತದೆ. ನಮ್ಮ ನಾಯಿ ಮನೆಯಲ್ಲಿ ತಿಂದು ಬೆಟ್ಟಕ್ಕೆ ಬಂದು ಹಾಕುತ್ತದೆ, ಅಂದರೆ ಹೊರಗಿನಿಂದ ಗೊಬ್ಬರದ ಆಮದು. ಬೆಲ್ಜಿಯಂನ ಗೆಂಟ್ ನಗರದ ಹೊರವಲಯದ ಕಾಡುಗಳಲ್ಲಿ ಇದನ್ನು ಕೂತು ಲೆಕ್ಕ ಹಾಕಿದವರಿದ್ದಾರೆ. 2022ರಲ್ಲಿ ಬಂದ ಆ ವರದಿಯ ಪ್ರಕಾರ ನಾಯಿಗಳ ಕಕ್ಕ, ಉಚ್ಚೆಯಿಂದ ಹೆಕ್ಟೇರಿಗೆ ವರ್ಷಕ್ಕೆ ಸುಮಾರು 11 ಕಿಲೋ ಸಾರಜನಕ, 5 ಕಿಲೋ ರಂಜಕ ಬೀಳುತ್ತದೆ. ಗೊಬ್ಬರ ಬಿದ್ದರೆ ಒಳ್ಳೆಯದಲ್ವಾ ಅಂತ ಕೇಳಬೇಡಿ. ಬಡ ಮಣ್ಣಿಗೇ ಒಗ್ಗಿಕೊಂಡ ಸಣ್ಣ ಹೂಗಿಡಗಳಿಗೆ ಅದು ಬೇಡ. ಅದನ್ನು ಉಂಡು ಕೊಬ್ಬುವುದು ದಾಂಡಿಗ ಕಳೆ, ಆಮೇಲೆ ಆ ಹೂಗಿಡಕ್ಕೆ ಬಿಸಿಲೂ ಸಿಗುವುದಿಲ್ಲ.

ನೆನಪಿಗೆ ಬಂತು ನೋಡಿ, ಆ ಡೈಸಿ ಕಥೆ. ನಿಮಗೂ ನೆನಪಿರಬೇಕು, 2020ರ ಜುಲೈನಲ್ಲಿ ಎಲ್ಲರ ಫೋನಿಗೂ ಬಂದಿತ್ತು. ಇಂಗ್ಲೆಂಡಿನ ಅತಿ ಎತ್ತರದ ಬೆಟ್ಟ ಸ್ಕಾಫೆಲ್ ಪೈಕ್, 978 ಮೀಟರ್. ಅಲ್ಲಿಂದ ಇಳಿಯುವಾಗ 55 ಕಿಲೋ ತೂಕದ ಡೈಸಿ ಅನ್ನುವ ನಾಯಿ ಕುಸಿದು ಕೂತಳು, ಹಿಂಗಾಲು ನೋವು, ಒಂದು ಹೆಜ್ಜೆ ಮುಂದಿಡುವುದಿಲ್ಲ ಅಂದಳು. ಹದಿನಾರು ಜನ ಸ್ವಯಂಸೇವಕರು ಬಂದು, ಸ್ಟ್ರೆಚರ್ ಮೇಲೆ ಮಲಗಿಸಿ, ತಿಂಡಿ ತೋರಿಸಿ ಪುಸಲಾಯಿಸಿ, ಐದು ಗಂಟೆ ಒದ್ದಾಡಿ ಕೆಳಗಿಳಿಸಿದರು. ಡೈಸಿ ಯಾವ ಜಾತಿ? ಸೇಂಟ್ ಬರ್ನಾರ್ಡ್! ಹಿಮದಲ್ಲಿ ಹೂತುಹೋದ ಮನುಷ್ಯರನ್ನು ಎಳೆದು ತಂದ ವಂಶ. ಸ್ವಿಟ್ಜರ್ಲೆಂಡ್ ಇಟಲಿ ಗಡಿಯಲ್ಲಿ 2469 ಮೀಟರ್ ಎತ್ತರದ ಗ್ರೇಟ್ ಸೇಂಟ್ ಬರ್ನಾರ್ಡ್ ಅನ್ನುವ ಕಣಿವೆ ದಾರಿಯ ಮಠದಲ್ಲಿ ಬ್ಯಾರಿ ಅನ್ನುವ ನಾಯಿ ಇತ್ತು, 1800ರಲ್ಲಿ ಹುಟ್ಟಿ 1814ರಲ್ಲಿ ತೀರಿಕೊಂಡಿತು, ನಲವತ್ತಕ್ಕೂ ಹೆಚ್ಚು ಜನರನ್ನು ಉಳಿಸಿತು ಅಂತ ಹೇಳುತ್ತಾರೆ. ಅದರ ದೇಹ ಈಗಲೂ ಬರ್ನ್ ನಗರದ ಮ್ಯೂಸಿಯಂನಲ್ಲಿದೆ. ಕುತ್ತಿಗೆಗೆ ಬ್ರಾಂದಿ ಪೀಪಾಯಿ ಕಟ್ಟಿಕೊಂಡು ಓಡುತ್ತಿತ್ತು ಅನ್ನೋದು ಮಾತ್ರ ಯಾರೋ ಚಿತ್ರಕಾರನಿಂದ ಹುಟ್ಟಿದ ಕಟ್ಟುಕಥೆ. ಎಲ್ಲರೂ ನೆನಪಿಟ್ಟುಕೊಂಡಿರೋದು ಆ ಸುಳ್ಳನ್ನೇ, ಅದೂ ಬ್ರಾಂದಿಯ ಕಾರಣಕ್ಕೆ.

ಬ್ಯಾರಿ ಕಾಲದ ಆ ನಾಯಿಗಳು ಇಷ್ಟು ಭಾರವಿರಲಿಲ್ಲ. ನಲವತ್ತು ಚಿಲ್ಲರೆ ಕಿಲೋ, ಅಷ್ಟೇ. ಆಮೇಲೆ ನಾವೇ ದೊಡ್ಡದು ಚಂದ, ಇನ್ನೂ ದೊಡ್ಡದು ಇನ್ನೂ ಚಂದ ಅಂತ ಬೆಳೆಸಿ ಬೆಳೆಸಿ ಸೋಫಾ ಮಾಡಿಟ್ಟೆವು. ಈಗ ಸೋಫಾ ಬೆಟ್ಟ ಇಳಿಯುತ್ತಿಲ್ಲ ಅಂತ ಹದಿನಾರು ಜನ ಬೇಕು. ಡೈಸಿಯ ಬಗ್ಗೆ ನನಗೆ ಒಂದು ದೂರೂ ಇಲ್ಲ. ಸಾಕಾಯ್ತು ಅಂತ ಅನಿಸಿದಾಗ ಕೂತುಬಿಟ್ಟಳಲ್ಲ, ಅಷ್ಟು ಬುದ್ಧಿ ನಮ್ಮಲ್ಲಿ ಎಷ್ಟು ಜನರಿಗಿದೆ? ನಾವಾದರೆ ಇನ್ನೊಂದು ಫೋಟೋ ಆಗಲಿ ಅಂತ ಮುಂದೆ ಹೋಗುತ್ತಿದ್ದೆವು.

ಎಲ್ಲಿದ್ದೆ? ಹಾಂ, ಹಗ್ಗ. ಚೀಲದ ವಿಷಯ ಆದಮೇಲೆ ಹಗ್ಗದ ವಿಷಯ ಬರಲೇಬೇಕು.

ತಿರುವಿನಲ್ಲಿ ದಡಬಡ ಸದ್ದಾಯಿತು. ಎರಡು ನಾಯಿಗಳು ಬಾಣದ ಹಾಗೆ ನಮ್ಮ ಕಡೆಗೇ ಬಂದವು. ಹಗ್ಗವಿಲ್ಲ, ಹಿಂದೆ ಯಜಮಾನರೂ ಕಾಣುತ್ತಿಲ್ಲ, ಧ್ವನಿ ಮಾತ್ರ ಬರುತ್ತಿದೆ. "ಏನೂ ಮಾಡಲ್ಲ ಸಾರ್! ತುಂಬಾ ಫ್ರೆಂಡ್ಲಿ!" ಇದು ಎಲ್ಲಾ ಬೆಟ್ಟಗಳ ಎಲ್ಲಾ ದಾರಿಗಳ ರಾಷ್ಟ್ರಗೀತೆ. ಚುಕ್ಕಿ ಮರಿಯಾಗಿದ್ದಾಗ ಇಂಥದ್ದೇ ಫ್ರೆಂಡ್ಲಿ ನಾಯಿಯೊಂದು ಅವಳ ಕಿವಿ ಹರಿದಿತ್ತು. ಅವಳು ನನ್ನ ಕಾಲ ಹಿಂದೆ ಸೇರಿಕೊಂಡು ಸುತ್ತಲು ಶುರು ಮಾಡಿದಳು. ಒಂದು ಸುತ್ತು, ಎರಡು ಸುತ್ತು. ಮೂರನೇ ಸುತ್ತಿಗೆ ಹಗ್ಗ ನನ್ನ ಮೊಣಕಾಲನ್ನು ಕಟ್ಟಿಹಾಕಿತ್ತು. ಒಂದು ಕಡೆ ಪ್ರಪಾತ, ಇನ್ನೊಂದು ಕಡೆ ಮುಳ್ಳು, ನಡುವೆ ಗೂಟದ ಹಾಗೆ ನಾನು. ಅಷ್ಟರಲ್ಲಿ ಯಜಮಾನರು ನಿಧಾನಕ್ಕೆ ತಿರುವಿನಲ್ಲಿ ಪ್ರತ್ಯಕ್ಷರಾಗಿ, ನನ್ನ ಅವಸ್ಥೆ ನೋಡಿ ಹೇಳಿದ್ದು: "ನಿಮ್ಮ ನಾಯಿಗೆ ಸ್ವಲ್ಪ ಭಯ ಜಾಸ್ತಿ ಅಲ್ವಾ?"

ಹೌದು ಸಾರ್. ತಪ್ಪು ಚುಕ್ಕಿಯದೇ.

ನಾಯಿಗೆ ಸ್ವಾತಂತ್ರ್ಯ ಬೇಡವಾ ಅಂತ ಇವರ ವಾದ. ಬೇಕು. ಆದರೆ ಪೊದೆಯ ಬುಡದಲ್ಲಿ ಗೂಡು ಕಟ್ಟಿದ ಹಕ್ಕಿ ಇವರ ಫ್ರೆಂಡ್ಲಿ ನಾಯಿಯನ್ನು ಫ್ರೆಂಡ್ಲಿ ಅಂತ ಅಂದುಕೊಳ್ಳುವುದಿಲ್ಲ. ಮೊಟ್ಟೆ ಬಿಟ್ಟು ಹಾರುತ್ತದೆ, ಮೊಟ್ಟೆ ತಣ್ಣಗಾಗುತ್ತದೆ. ಕರಡಿ ಇರುವ ಕಡೆ ಕಥೆ ಬೇರೆ. ಹಗ್ಗವಿಲ್ಲದ ನಾಯಿ ಹೋಗಿ ಕರಡಿಗೆ ಬೊಗಳುತ್ತದೆ, ಕರಡಿ ಅಟ್ಟಿಸಿಕೊಂಡು ಬರುತ್ತದೆ, ನಾಯಿ ಎಲ್ಲಿಗೆ ಓಡುತ್ತದೆ? ಯಜಮಾನರ ಹತ್ತಿರಕ್ಕೇ. ಬೀದೀಲಿ ಹೋಗೋ ಮಾರೀನ ಮನೆಗೆ ಕರೆದ ಹಾಗೆ ಅಂತ ಗಾದೆ ಇದೆಯಲ್ಲ, ಇದು ಅದರ ಬೆಟ್ಟದ ಆವೃತ್ತಿ.

ಅಮೆರಿಕದ ನ್ಯಾಷನಲ್ ಪಾರ್ಕುಗಳಲ್ಲಿ ಹಗ್ಗ ಆರು ಅಡಿಗಿಂತ ಉದ್ದ ಇರುವಂತಿಲ್ಲ. ಗ್ರೇಟ್ ಸ್ಮೋಕಿ ಮೌಂಟನ್ಸ್‌ನಲ್ಲಿ ಎಂಟುನೂರು ಮೈಲಿಗೂ ಹೆಚ್ಚು ಕಾಲುದಾರಿಗಳಿವೆ, ಅದರಲ್ಲಿ ನಾಯಿಗೆ ಬಿಟ್ಟಿರುವುದು ಎರಡೇ ಎರಡು ಚಿಕ್ಕ ದಾರಿ. ಇಷ್ಟು ಬಿಗಿ ಯಾಕೆ ಅಂತ ಮೊದಲು ಸಿಟ್ಟು ಬರುತ್ತಿತ್ತು. ಈಗ ಬರುವುದಿಲ್ಲ. "ನಾಯಿಗಳಿಗೆ ಪ್ರವೇಶವಿಲ್ಲ" ಅನ್ನುವ ಬೋರ್ಡಿನ ಪಕ್ಕದಲ್ಲೇ ನಾಯಿ ಕೂರಿಸಿ, ನಾಲಗೆ ಹೊರಗೆ ಬರೋವರೆಗೂ ಕಾದು ಫೋಟೋ ತೆಗೆಯುವವರನ್ನು ಕಣ್ಣಾರೆ ನೋಡಿದ್ದೇನೆ.

ಇಲ್ಲಿವರೆಗೂ ತಮಾಷೆ ಮಾಡಿದೆ. ಮುಂದಿನದಕ್ಕೆ ತಮಾಷೆ ಬರುತ್ತಿಲ್ಲ.

ಮೇಲಿನ ಬಂಡೆಯ ಹತ್ತಿರ ಹೋಗುವಾಗ ಹನ್ನೊಂದೂವರೆ. ಒಂದು ಪಗ್ ನಾಯಿ ನಿಂತಿತ್ತು. ಬಲಗಾಲು ಎತ್ತಿತು, ಇಟ್ಟಿತು. ಎಡಗಾಲು ಎತ್ತಿತು, ಇಟ್ಟಿತು. ಕುಣಿತಾ ಇದೆ ನೋಡ್ರೋ ಅಂತ ಹುಡುಗರು ವಿಡಿಯೋ ಮಾಡುತ್ತಿದ್ದರು. ಅದು ಕುಣಿಯುತ್ತಿರಲಿಲ್ಲ. ಬಂಡೆ ಸುಡುತ್ತಿತ್ತು. ಅದರ ಉಸಿರು ಮರ ಕೊಯ್ಯುವ ಗರಗಸದ ಹಾಗೆ ಕೇಳುತ್ತಿತ್ತು, ನಾಲಗೆ ನೇರಳೆ ಬಣ್ಣಕ್ಕೆ ತಿರುಗಿತ್ತು. ನಾಯಿಗೆ ನಮ್ಮ ಹಾಗೆ ಮೈಯೆಲ್ಲ ಬೆವರುವುದಿಲ್ಲ, ಅಂಗಾಲಿನಲ್ಲಿ ಒಂದಿಷ್ಟು, ಅಷ್ಟೇ. ಏದುಸಿರು ಬಿಟ್ಟೇ ಮೈ ತಣ್ಣಗಾಗಬೇಕು, ಈ ಚಪ್ಪಟೆ ಮೂಗಿಗೆ ಅದೂ ಸರಿಯಾಗಿ ಆಗುವುದಿಲ್ಲ. ಮೈ ಶಾಖ 38, 39 ಇರಬೇಕಾದ್ದು 41 ದಾಟಿದರೆ ಒಳಗಿನ ಅಂಗಾಂಗಗಳೇ ಕೆಡಲು ಶುರುವಾಗುತ್ತವೆ. ಅಂಗೈ ಹಿಂಭಾಗ ಬಂಡೆ ಮೇಲೆ ಏಳು ಸೆಕೆಂಡ್ ಇಡಿ, ನಿಮಗೆ ಆಗದಿದ್ದರೆ ನಾಯಿಗೂ ಆಗುವುದಿಲ್ಲ. ಇದಕ್ಕೇನು ಡಾಕ್ಟರು ಬೇಕಾ? ಏಳು ಸೆಕೆಂಡ್. ಅದರ ಕಾಲಿಗೆ ಬೂಟಿರಲಿಲ್ಲ, ಯಜಮಾನರ ಕಾಲಿಗೆ ಒಳ್ಳೆಯ ಬೂಟಿತ್ತು. ಅದಕ್ಕೆ ನೀರಿರಲಿಲ್ಲ, ಅವರ ಬಾಟಲಿಯಲ್ಲಿ ಅವರಿಗೆ ಬೇಕಾದಷ್ಟಿತ್ತು. ನಾಯಿ ನಿಲ್ಲುವುದಿಲ್ಲ, ನೀವು ಹೋದಷ್ಟು ದೂರ ಅದೂ ಬರುತ್ತದೆ, ಯಾಕಂದರೆ ಮುಂದೆ ಹೋಗ್ತಿರೋದು ನೀವು. ಎಲ್ಲಾ ನಾಯಿಗಳೂ ಡೈಸಿಯ ಹಾಗೆ ಕೂರುವುದಿಲ್ಲ. ಕೆಲವು ನೇರ ಬಿದ್ದೇ ಬೀಳುತ್ತವೆ.

ನಾನು ಹೇಳಿದೆ. ಜಗಳ ಮಾಡಲಿಲ್ಲ, ದಣಿವಾಗಿತ್ತು. ನೆರಳಿಗೆ ಎತ್ತಿಕೊಂಡು ಹೋಗಿ ಅಂದೆ, ನನ್ನ ನೀರು ಕೊಟ್ಟೆ, ಹೊಟ್ಟೆಗೂ ಅಂಗಾಲಿಗೂ ಸುರಿದೆವು. ಅದು ಕುಡಿಯಿತು, ಕುಡಿಯಿತು, ಆಮೇಲೆ ನನ್ನ ಬೂಟಿನ ಮೇಲೆ ಗಲ್ಲ ಇಟ್ಟು ಮಲಗಿತು. ಇನ್ನೂ ಎಷ್ಟು ದೂರ ಸಾರ್ ತುದಿ, ಅಂತ ಯಜಮಾನರು ಕೇಳಿದರು. ನಾಯಿಗೆ ಇಲ್ಲೇ ತುದಿ ಅಂದೆ. ಅರ್ಥವಾಯಿತೋ ಇಲ್ಲವೋ, ಎತ್ತಿಕೊಂಡು ಇಳಿದರು. ಅಷ್ಟು ಸಾಕು.

ನಾವೂ ಬಂದ ದಾರಿಯಲ್ಲೇ ಇಳಿದೆವು. ಆ ನೀಲಿ ಚೀಲ ಅಲ್ಲೇ ಇತ್ತು. ಇಬ್ಬನಿ ಆರಿ, ಇರುವೆ ಸಾಲು ಗಂಟಿನವರೆಗೂ ಬಂದು ವಾಪಸ್ ಹೋಗುತ್ತಿತ್ತು, ಅವಕ್ಕೂ ಬೇಡ. ಯಾಕೋ ಕೈ ತಡೆಯಲಿಲ್ಲ, ಬಿಚ್ಚಿಕೊಂಡೆ. ಮುಂದೆ ಬೇಲಿ ಕಂಬದ ಮೇಲೆ ಇನ್ನೊಂದು, ಕಲ್ಲಿನ ಹಿಂದೆ ಮತ್ತೆರಡು. ಚುಕ್ಕಿಯದೂ ಸೇರಿ ಒಟ್ಟು ಐದು. ಬುಡದ ಕಸದ ತೊಟ್ಟಿ ಹತ್ತಿರ ಬರುವಾಗ ಎದುರಿಗೆ ಹತ್ತುತ್ತಿದ್ದ ಹೆಂಗಸೊಬ್ಬರು ನನ್ನ ಕೈ ನೋಡಿದರು, ಚುಕ್ಕಿಯನ್ನು ನೋಡಿದರು, ಮತ್ತೆ ಕೈ ನೋಡಿದರು.

"ಅಯ್ಯೋ ಪಾಪ. ಹೊಟ್ಟೆ ಕೆಟ್ಟಿದೆಯಾ?"