ನೆಲಮಾಳಿಗೆಯಲ್ಲಿ ಒಲೆ, ಒಂಬತ್ತನೇ ಮಹಡಿಯಲ್ಲಿ ಸ್ವೆಟರ್

ಬೇಸಿಗೆಯಲ್ಲಿ ಕರೆಂಟ್ ಉಳಿಸುವುದು ಹೇಗೆ ಅಂತ ಸಭೆ. ಮಧ್ಯಾಹ್ನ ಮೂರು ಗಂಟೆ. ಪಡುವಣಕ್ಕೆ ಪೂರ್ತಿ ಗಾಜಿನ ಗೋಡೆ. ಬಿಸಿಲು ಹೊಡೆಯುತ್ತದೆಂದು ಪರದೆ ಎಳೆದಿದ್ದರು. ಪರದೆ ಎಳೆದು ಕತ್ತಲಾಯಿತೆಂದು ಲೈಟೆಲ್ಲ ಹಾಕಿದ್ದರು. ಏಸಿ 18 ಡಿಗ್ರಿಯಲ್ಲಿತ್ತು. ನನ್ನ ಪಕ್ಕದವರು ಸ್ವೆಟರ್ ತಂದಿದ್ದರು. ಅನುಭವಸ್ಥರು.

ಅಧ್ಯಕ್ಷರು ವಿಷಯಕ್ಕೆ ಬಂದರು. ಏಸಿಗೆ ಕರೆಂಟ್ ಜಾಸ್ತಿ ಬೇಕು, ಹಾಗಾಗಿ ಗ್ಯಾಸ್ ಉರಿಸೋಣ.

ನಗಬೇಡಿ, ಬೆಂಕಿಯಿಂದ ತಂಪು ಹುಟ್ಟುವುದು ನಿಜ. ಮುಚ್ಚಿದ ಡ್ರಮ್ಮಿನ ಗಾಳಿಯನ್ನೆಲ್ಲ ತೆಗೆದರೆ ಒಳಗಿನ ನೀರು ಸುಮಾರು 5 ಡಿಗ್ರಿಯಲ್ಲೇ ಕುದಿಯುತ್ತದೆ. ಕುದಿಯುತ್ತಾ, ಡ್ರಮ್ಮಿನೊಳಗೆ ಹಾದುಹೋಗುವ ಕೊಳವೆಯ ನೀರಿನ ಬಿಸಿ ಹೀರಿಕೊಳ್ಳುತ್ತದೆ. ತಣ್ಣಗಾದ ಆ ಕೊಳವೆ ನೀರೇ ಕಟ್ಟಡವನ್ನು ತಂಪು ಮಾಡುತ್ತದೆ. ಆ ಆವಿಯನ್ನು ಲಿಥಿಯಂ ಬ್ರೋಮೈಡ್ ಎಂಬ ಉಪ್ಪಿನ ದ್ರಾವಣ ಕುಡಿಯುತ್ತದೆ. ಕುಡಿದು ತೆಳ್ಳಗಾದದ್ದನ್ನು ಕಾಯಿಸಿ ಮತ್ತೆ ಗಟ್ಟಿ ಮಾಡಬೇಕಲ್ಲ, ಗ್ಯಾಸ್ ಬೇಕಾಗುವುದು ಅಲ್ಲಿ. ಕರೆಂಟು ಪಂಪು, ಫ್ಯಾನುಗಳಿಗೆ ಸಾಕು. ಫ್ರಾನ್ಸಿನ ಫರ್ಡಿನಾಂಡ್ ಕಾರೆ ಅಮೋನಿಯಾ ಬಳಸಿ ಇದೇ ಉಪಾಯಕ್ಕೆ 1859ರಲ್ಲೇ ಪೇಟೆಂಟ್ ಪಡೆದಿದ್ದ.

ಉಪಾಯ ದಡ್ಡತನದ್ದಲ್ಲ. ಎಲ್ಲರೂ ಒಟ್ಟಿಗೆ ಏಸಿ ಹಾಕುವ ಕೆಲವೇ ಗಂಟೆಗಳಿಗಾಗಿ ಹೊಸ ವಿದ್ಯುತ್ ಸ್ಥಾವರ ಕಟ್ಟುವುದು ತಪ್ಪಬಹುದು. ಚಳಿ ದೇಶಗಳಲ್ಲಿ ಬೇಸಿಗೆ ಬಂದರೆ ಗ್ಯಾಸ್ ಮಾರಾಟ ಇಳಿಯುತ್ತದೆ, ಆಗ ಏಸಿಗೂ ಗ್ಯಾಸ್ ಕೊಂಡರೆ ಕಂಪನಿಗಳಿಗೂ ಖುಷಿಯೇ.

ಎಡವಟ್ಟು ಮಾಡಿದ್ದು ಹಿಂದಿನ ಸಾಲಿನ ಹುಡುಗ. ಲೆಕ್ಕ ಹಾಕಿಬಿಟ್ಟ.

"ಸಾರ್, ಒಂದು ಪಾಲು ಗ್ಯಾಸ್ ಇಲ್ಲಿ ಉರಿಸಿದರೆ, ಒಳ್ಳೆ ಯಂತ್ರದಲ್ಲಿ ಸುಮಾರು 1.2 ಪಾಲು ತಂಪು. ಅದನ್ನೇ ಒಳ್ಳೆ ಸ್ಥಾವರದಲ್ಲಿ ಉರಿಸಿದರೆ ಅರ್ಧ ಪಾಲು ಕರೆಂಟು. ದೊಡ್ಡ ಕಟ್ಟಡದ ಚಿಲ್ಲರ್, ಅಂದರೆ ಕರೆಂಟಿನಿಂದ ನೀರು ತಣ್ಣಗೆ ಮಾಡುವ ಯಂತ್ರ, ಅದರಿಂದ ಐದು ಪಟ್ಟು ತಂಪು ಕೊಡುತ್ತದೆ. ತಂತಿಯಲ್ಲಿ ಸೋರಿದ್ದು ಕಳೆದರೂ ಎರಡು ಪಾಲಿನ ಮೇಲೆ. ಎಲ್ಲಾದರೂ ಸುಮ್ನೆ ಹೋಗುವ ಬಿಸಿ ಇದ್ದರೆ ಅದು ಬೇರೆ ಮಾತು."

ಅಧ್ಯಕ್ಷರು ಯೋಚಿಸಿದರು. "ಆದರೆ ಇದು ಕರೆಂಟ್ ಬಿಲ್ಲಿನಲ್ಲಿ ಬರಲ್ಲ, ಅಲ್ವಾ?"

"ಇಲ್ಲ ಸಾರ್. ಗ್ಯಾಸ್ ಬಿಲ್ಲಿನಲ್ಲಿ ಬರುತ್ತದೆ."

"ಹಾಗಾದರೆ ಉಳಿತಾಯವೇ."

ಎಲ್ಲರೂ ತಲೆಯಾಡಿಸಿದರು. ಹುಡುಗ ಅಷ್ಟಕ್ಕೇ ಕೂತಿದ್ದರೆ ಚೆನ್ನಾಗಿತ್ತು. "ಏಸಿ 24ಕ್ಕೆ ಇಟ್ಟು, ಗಾಜಿಗೆ ಹೊರಗಿನಿಂದ ನೆರಳು ಮಾಡಿದರೆ?" ಅಂದ. ತುಂಬಿದ ಸಭೆಯಲ್ಲಿ ಬೈಗುಳ ಕೇಳಿದ ಹಾಗೆ ಎಲ್ಲರೂ ಮೊಬೈಲ್ ನೋಡತೊಡಗಿದರು. ನೆರಳು ಮಾಡಿದರೆ ಕಟ್ಟಡದ ಅಂದ ಕೆಡುತ್ತದೆ ಅಂದರು ಒಬ್ಬರು. 24ಕ್ಕೆ ಇಟ್ಟರೆ ಕೋಟು ಬಿಚ್ಚಬೇಕಾಗುತ್ತದೆ ಅಂದರು ಇನ್ನೊಬ್ಬರು. ಯೋಜನೆ ಪಾಸಾಯಿತು.

ಹೊರಬರುವಾಗ ಲೆಕ್ಕಪತ್ರದ ಮೇಡಂ ಮೇಜಿನ ಕೆಳಗೆ ಏನೋ ಕೆಂಪಗೆ ಕಂಡಿತು. ಬಗ್ಗಿ ನೋಡಿದೆ. ರೂಮ್ ಹೀಟರ್. 1,000 ವ್ಯಾಟ್.

"ಕಾಲು ಮರಗಟ್ಟುತ್ತದೆ ಸಾರ್," ಅಂದರು. ಆಮೇಲೆ ದನಿ ತಗ್ಗಿಸಿ ಕೇಳಿದರು: "ಹೊಸ ಯೋಜನೆಯಲ್ಲಿ ಇದಕ್ಕೂ ಗ್ಯಾಸ್ ಕನೆಕ್ಷನ್ ಕೊಡುತ್ತಾರಾ?"