ಸ್ಪಷ್ಟನೆ: ಆ ಕರೆಂಟ್ ಕಾಲು ಕಾಪಾಡುವುದಕ್ಕೆ

‘ಬೆನ್ನುಮೂಳೆ ಆಪರೇಷನ್‌ನಲ್ಲಿ ತಲೆಗೆ ಕರೆಂಟ್ ಕೊಡ್ತಾರೆ, ಅದರಿಂದಲೇ ಕಾಲು ಬಿದ್ದುಹೋಗುತ್ತೆ’ ಎಂಬ ಮೆಸೇಜ್ ಮಂಡ್ಯದ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿದೆ. ಇದು ತಪ್ಪು. ಮೈಸೂರಿನಲ್ಲಿ ಆಪರೇಷನ್ ನಡೆಯುವಾಗ ಈ ಕರೆಂಟ್ ಕೊಟ್ಟು ನರಗಳನ್ನು ಗಮನಿಸುವುದೇ ನನ್ನ ಕೆಲಸ.

ಕರೆಂಟ್ ಕೊಡುವುದು ನಿಜ. ಅದು ನರದ ದಾರಿ ಸರಿಯಿದೆಯಾ ಅಂತ ನೋಡಲು. ನೆತ್ತಿಗೆ ಕೊಟ್ಟರೆ ಕಾಲಿನ ಹೆಬ್ಬೆರಳು ಅದುರಬೇಕು. ಪಾದದ ಗಂಟಿನ ಹತ್ತಿರ ಕೊಟ್ಟರೆ ಸುಮಾರು 40 ಮಿಲಿಸೆಕೆಂಡಿನಲ್ಲಿ ಅದರ ಸಂಕೇತ ನೆತ್ತಿಗೆ ತಲುಪಿ ಪರದೆಯ ಮೇಲೆ ಅಲೆಯಾಗಿ ಕಾಣಬೇಕು. ಅಲೆಯ ಎತ್ತರ ಅರ್ಧಕ್ಕೆ ಇಳಿದರೆ ತಕ್ಷಣ ಸರ್ಜನ್‌ಗೆ ಹೇಳುತ್ತೇನೆ. ಅವರು ಕೈ ನಿಲ್ಲಿಸುತ್ತಾರೆ. ಬಿ.ಪಿ. ಇಳಿದಿದೆಯಾ, ಮೂಳೆಗೆ ಹಾಕಿದ ಸ್ಕ್ರೂ ನರವನ್ನು ಒತ್ತುತ್ತಿದೆಯಾ ನೋಡುತ್ತಾರೆ. ಎಷ್ಟೋ ಸಲ ಅಲೆ ಮತ್ತೆ ಏಳುತ್ತದೆ. ಆಗ ಬರುವ ಸಮಾಧಾನ ದೊಡ್ಡದು!

ಅಪಾಯವೇ ಇಲ್ಲ ಅನ್ನುವುದಿಲ್ಲ. ದವಡೆ ಬಿಗಿದು ನಾಲಿಗೆ ಕಚ್ಚಿಕೊಳ್ಳಬಹುದು, ಅದಕ್ಕೇ ಹಲ್ಲುಗಳ ನಡುವೆ ಬಟ್ಟೆಯ ಸುರುಳಿ ಇಡುತ್ತೇವೆ. ಫಿಟ್ಸ್, ಪೇಸ್‌ಮೇಕರ್ ಇದ್ದರೆ ಮೊದಲೇ ಹೇಳಿ.