ಎರಡು ಹಾಡಿನ ಮಧ್ಯದವರು

ಓಣಂ ಕಳೆದ ವಾರ ಕೊಚ್ಚಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ಒಂದು ಕಾರ್ಯಕ್ರಮ ಇತ್ತು. ಪೂರ್ತಿ ಸಂಜೆ ಬರೀ ಮಿಮಿಕ್ರಿ. ಹಾಡಿಲ್ಲ, ಡ್ಯಾನ್ಸ್ ಇಲ್ಲ. ವಯಸ್ಸಾದ ಕಲಾವಿದರೊಬ್ಬರು ಎಂದೋ ತೀರಿಹೋದ ನಟರ ದನಿ ತೆಗೆದರೆ, ಮುಂದಿನ ಸಾಲಿನಲ್ಲಿ ಕೂತ ಶಾಲೆ ಮಕ್ಕಳು ಉಳಿದ ಡೈಲಾಗ್ ಪೂರ್ತಿ ಮಾಡುತ್ತಿದ್ದವು. ಮುಗಿದ ಮೇಲೆ ಪಕ್ಕದ ಮನೆಯ ಚೇಟ್ಟ (ಮಲಯಾಳಂನಲ್ಲಿ ಅಣ್ಣ) ಕೇಳಿದರು, "ನಿಮ್ಮ ಕಡೆ ಇಂಥವರು ಯಾರ್ಯಾರಿದ್ದರು?" ನಾನು ಖುಷಿಯಿಂದ ಮಿಮಿಕ್ರಿ ದಯಾನಂದ್ ಹೆಸರು ಹೇಳಿದೆ. ತುಟಿ ಅಲುಗಿಸದೆ ಗೊಂಬೆಗೆ ದನಿ ಕೊಡುವ ಇಂದುಶ್ರೀ ಮತ್ತು ಅವರ ಮಾತಾಡುವ ಗೊಂಬೆ ಡಿಂಕು ಬಗ್ಗೆ ಹೇಳಿದೆ. ರಜಕ್ಕೆ ಬಂದಿದ್ದ ಅಕ್ಕನ ಮಗ ಪಕ್ಕದಲ್ಲೇ ಇದ್ದ. ಹಾಸನದಲ್ಲೇ ಹುಟ್ಟಿ ಬೆಳೆದ ಹುಡುಗ. "ಯಾರು ಮಾವ ಅವರೆಲ್ಲ?" ಅಂದ.

ಚುಚ್ಚಿತು. ಹುಡುಗನ ಮೇಲಲ್ಲ ನನ್ನ ಸಿಟ್ಟು, ನಮ್ಮೂರ ಮೇಲೆ.

ನಾನು ಬೆಳೆದದ್ದು ಸಕಲೇಶಪುರದ ಕಡೆ. ಊರಿನಲ್ಲಿ ಒಂದೇ ಟಿವಿ ಇದ್ದ ಕಾಲ. ಮಳೆಗಾಲದಲ್ಲಿ ಕರೆಂಟು ಹೋದರೆ ವಾರವಾದರೂ ಬರುತ್ತಿರಲಿಲ್ಲ. ಜೀಪಿನ ಬ್ಯಾಟರಿ ಬಿಚ್ಚಿ ತಂದು ಟಿವಿಗೆ ಕೊಡುತ್ತಿದ್ದರು. ಆಂಟೆನಾ ತಿರುಗಿಸೋಕೆ ಒಬ್ಬ ಹೆಂಚಿನ ಮೇಲೆ, "ಬಂತೇನೋ?" ಅಂತ ಅವನು, "ಬಂತು ಬಂತು, ಅಯ್ಯೋ ಹೋಯ್ತು" ಅಂತ ನಾವು. ದೇಶಕ್ಕೆಲ್ಲ ಟಿವಿ ತಲುಪಿಸಿದ ಇನ್ಸಾಟ್ ಉಪಗ್ರಹಗಳನ್ನು ನೋಡಿಕೊಳ್ಳೋಕೆ ಅಂತಲೇ 1982ರಲ್ಲಿ ಹಾಸನದ ಸಾಲಗಾಮೆ ರಸ್ತೆಯಲ್ಲಿ ಎಂಸಿಎಫ್ ಅನ್ನೋ ಉಪಗ್ರಹ ನಿಯಂತ್ರಣ ಕೇಂದ್ರ ಆಗಿತ್ತು. ಅದೇ ಜಿಲ್ಲೆಯವರು ನಾವು. ನಮಗೆ ಸಿಗುತ್ತಿದ್ದದ್ದು ಮುಕ್ಕಾಲು ಪಾಲು ಸೊಳ್ಳೆ ಹಾರಿದಂಥ ಚುಕ್ಕಿ.

ಆ ಚುಕ್ಕಿಗಳ ನಡುವೆಯೇ ಡಿಂಕುವನ್ನು ನೋಡಿದ್ದು. ಗೊಂಬೆ ಮಾತಾಡುತ್ತಿದ್ದರೆ ನಾವು ಗೊಂಬೆ ನೋಡುತ್ತಿರಲಿಲ್ಲ, ಇಂದುಶ್ರೀ ಅವರ ತುಟಿ ನೋಡುತ್ತಿದ್ದೆವು. ಟಿವಿಗೆ ಮೂಗು ತಾಗುವಷ್ಟು ಹತ್ತಿರ ಹೋಗಿ, ಅಲುಗಿತು, ಇಲ್ಲ ಅಲುಗಲಿಲ್ಲ ಅಂತ ಜಗಳ. "ಪ" "ಬ" "ಮ" ಬಂದಾಗ ತುಟಿ ಸೇರಲೇಬೇಕಲ್ವಾ, ಹೆಂಗೆ ಹೇಳ್ತಾರೆ ಅಂತ ಅಣ್ಣ ಒಂದು ಪ್ರಶ್ನೆ ತೆಗೆದ. ಆಮೇಲೆ ಮನೆಯಲ್ಲಿ ಒಂದಷ್ಟು ದಿನ ಎಲ್ಲರದೂ ಬಾಯಿ ಮುಚ್ಚಿಕೊಂಡೇ ಮಾತು. ಅಜ್ಜಿ ಹಲ್ಲುನೋವು ಅಂದುಕೊಂಡು ಲವಂಗ ತಂದುಕೊಟ್ಟರು.

ಇಷ್ಟು ದೊಡ್ಡ ಕಲೆ ನಮ್ಮ ಮನೆಯ ನಡುವೆ ಬಂದು ಹೋಯಿತು. ಅದರ ಬಗ್ಗೆ ನಾವು ಮಕ್ಕಳಿಗೆ ಒಂದು ಮಾತೂ ಹೇಳಲಿಲ್ಲ.

ಕೊಚ್ಚಿಯಲ್ಲಿ ಹಾಗಲ್ಲ. ಇಲ್ಲಿ 1969ರಲ್ಲಿ ಫಾದರ್ ಆಬೆಲ್ ಅನ್ನೋ ಪಾದ್ರಿ ಕಲಾಭವನ್ ಅನ್ನೋ ಕಲಾಸಂಸ್ಥೆ ಕಟ್ಟಿದರು. 1981ರಲ್ಲಿ ಅಲ್ಲಿನ ಹುಡುಗರು ಸೇರಿ ಮಿಮಿಕ್ಸ್ ಪರೇಡ್ ಅಂತ ಶುರು ಮಾಡಿದರು. ಹಾಡಿಗೆ ಜೋತುಬೀಳದೆ, ಮಿಮಿಕ್ರಿಯನ್ನೇ ಒಂದು ಪೂರ್ತಿ ಪ್ರದರ್ಶನ ಮಾಡಿದ್ದು ಅವರು. ಚರ್ಚ್ ಹಬ್ಬ, ದೇವಸ್ಥಾನದ ಉತ್ಸವ, ಕ್ಲಬ್ಬಿನ ವಾರ್ಷಿಕೋತ್ಸವ, ಎಲ್ಲ ಕಡೆ ಕರೆದರು. ಅಲ್ಲಿಂದ ಬಂದವರು ಕಲಾಭವನ್ ಅನ್ನೋದನ್ನೇ ಹೆಸರಿನ ಮುಂದೆ ಇಟ್ಟುಕೊಂಡರು. ಆಟೋ ಓಡಿಸುತ್ತಿದ್ದು ಆಮೇಲೆ ನಟನಾದ, ಈಗ ನಮ್ಮೊಂದಿಗಿಲ್ಲದ ಕಲಾಭವನ್ ಮಣಿ ಅಂದರೆ ಇವತ್ತೂ ಆಟೋದವರ ಕಣ್ಣು ಒದ್ದೆಯಾಗುತ್ತದೆ. ನಾನೇ ನೋಡಿದ್ದೇನೆ.

ನಮ್ಮಲ್ಲೂ ಹಾಗೆ ಹೆಸರು ಪಡೆದವರಿದ್ದಾರೆ. ಸಿಹಿಕಹಿ ಚಂದ್ರು, ಸಿಹಿಕಹಿ ಗೀತಾ. ದೂರದರ್ಶನದ ಸಿಹಿಕಹಿ ಧಾರಾವಾಹಿ ಅವರಿಗೆ ಕೊಟ್ಟ ಹೆಸರು ಅದು. ಅಕ್ಕನ ಮಗನಿಗೆ ಚಂದ್ರು ಗೊತ್ತು, ಅಡುಗೆ ಕಾರ್ಯಕ್ರಮದಲ್ಲಿ ನೋಡಿದ್ದಾನೆ. ಸಿಹಿಕಹಿ ಅಂದರೆ ಅಡುಗೆಯ ರುಚಿಗೆ ಇಟ್ಟ ಹೆಸರು ಅಂತ ಇಷ್ಟು ವರ್ಷ ತಿಳಿದುಕೊಂಡಿದ್ದನಂತೆ.

ಯಾಕೆ ಹೀಗಾಯಿತು? ಹಾಸನದ ಗಣಪತಿ ಪೆಂಡಾಲುಗಳಲ್ಲಿ ನೋಡಿದ್ದನ್ನೇ ಹೇಳುತ್ತೇನೆ. ನಮಗೆ ಆರ್ಕೆಸ್ಟ್ರಾ ಮುಖ್ಯ. ಮಿಮಿಕ್ರಿಯವರು ಎರಡು ಹಾಡಿನ ಮಧ್ಯದವರು. ಗಾಯಕಿ ನೀರು ಕುಡಿಯಬೇಕು, ಕೀಬೋರ್ಡಿನ ವೈರು ಸರಿ ಮಾಡಬೇಕು, ಆಗ ಅವರನ್ನು ಮುಂದೆ ತಳ್ಳುತ್ತಿದ್ದರು. ರಾಜ್‌ಕುಮಾರ್ ದನಿ, ವಜ್ರಮುನಿ ದನಿ, ರೈಲು ಹೊರಟ ಸದ್ದು, ನಾಯಿಗಳ ಜಗಳ. ರೈಲು ಇನ್ನೂ ಸ್ಟೇಷನ್ ಬಿಟ್ಟಿರುತ್ತಿರಲಿಲ್ಲ, ಹಿಂದಿನಿಂದ ಡ್ರಮ್ ಶುರು. ಅವರು ಕೈ ಮುಗಿದು ಪಕ್ಕಕ್ಕೆ ಸರಿಯುತ್ತಿದ್ದರು. ಚಪ್ಪಾಳೆ ಹಾಡಿನ ಪಾಲಿಗೆ ಹೋಗುತ್ತಿತ್ತು. ಒಂದು ಸಲ ಒಬ್ಬರು ಸ್ಟೇಜಿನ ಹಿಂದೆ, ಜನರೇಟರ್ ಪಕ್ಕ ನಿಂತು ಚಿತ್ರಾನ್ನ ತಿನ್ನುತ್ತಿದ್ದರು. ಹತ್ತು ನಿಮಿಷದ ಹಿಂದೆ ಇಡೀ ಬೀದಿಯನ್ನು ನಗಿಸಿದ ಮನುಷ್ಯ. ಹೆಸರೇನು ಅಂತ ಯಾರೂ ಕೇಳಲಿಲ್ಲ. ಪಾಂಪ್ಲೆಟ್ಟಿನಲ್ಲಿ "ಹಾಗೂ ಮಿಮಿಕ್ರಿ" ಅಂತ ಮಾತ್ರ ಇತ್ತು.

ಟಿವಿಯವರನ್ನೂ ನಾವು ಹಾಗೇ ಕಂಡೆವು. ವಾರ್ತೆ ಆಯ್ತಾ, ಚಿತ್ರಮಂಜರಿ ಬಂತಾ, ಭಾನುವಾರದ ಸಿನಿಮಾ ಯಾವುದು, ಅಷ್ಟೇ ಲೆಕ್ಕ. ನಡುವೆ ಬಂದ ಗೊಂಬೆಯವರು, ಜಾದೂಗಾರರು, ನಗೆ ನಾಟಕದವರು ಎಲ್ಲ ಹೊತ್ತು ಕಳೆಯೋಕೆ. ಗುಡ್ಡದ ಭೂತ ಮಾತ್ರ ಉಳಿದುಕೊಂಡಿತು. ಸದಾನಂದ ಸುವರ್ಣ ಮಾಡಿದ 13 ಕಂತಿನ ಧಾರಾವಾಹಿ. ಡೆನ್ನಾನ ಡೆನ್ನಾನ ಹಾಡು ಬಂದರೆ ನಾವು ಚಾಪೆ ಬಿಟ್ಟು ಅಮ್ಮನ ಸೆರಗಿನ ಹತ್ತಿರ ಸರಿಯುತ್ತಿದ್ದೆವು. ಅದನ್ನು ಹೇಳಿದರೆ ನನ್ನ ವಯಸ್ಸಿನವರು ಈಗಲೂ ಫೋನಿನಲ್ಲೇ ಹಾಡುತ್ತಾರೆ. 1994ರಲ್ಲಿ ಉದಯ ಟಿವಿ ಬಂತು, ಆಮೇಲೆ ಕೇಬಲ್ ಮನೆಮನೆಗೂ ಬಂತು, ಹಳೆಯದನ್ನು ನೆನೆಸಿಕೊಳ್ಳುವ ಪುರುಸೊತ್ತು ಯಾರಿಗೂ ಉಳಿಯಲಿಲ್ಲ.

ಚೇಟ್ಟನ ಮುಂದೆ ಒಪ್ಪಿಕೊಳ್ಳದ ಕೆಲವು ಮಾತು ಇಲ್ಲಿ ಹೇಳಲೇಬೇಕು. ಕೇರಳದಲ್ಲಿ ನೆನಪಿನಲ್ಲಿ ಉಳಿದ ಬಹಳಷ್ಟು ಮಿಮಿಕ್ರಿಯವರು ಸಿನಿಮಾಕ್ಕೆ ಹೋದವರು. ಜಯರಾಂ ಹೀರೋ ಆದರು, ಸಿದ್ದಿಕ್ ಮತ್ತು ಲಾಲ್ ನಿರ್ದೇಶಕರಾದರು. ಸ್ಟೇಜಿನಲ್ಲೇ ಉಳಿದವರನ್ನು ಇಲ್ಲೂ ಅಷ್ಟಾಗಿ ಯಾರೂ ಕೇಳುವುದಿಲ್ಲ. ಇನ್ನೊಂದು, ಇಲ್ಲಿನ ಟಿವಿ ಹಾಸ್ಯದಲ್ಲಿ ಕಪ್ಪು ಬಣ್ಣ, ದಪ್ಪ ಮೈ ಹಿಡಿದು ಹೀಯಾಳಿಸೋದು ಜಾಸ್ತಿ. ನನ್ನ ಹೆಂಡತಿ ಎದ್ದು ಒಳಗೆ ಹೋದದ್ದುಂಟು. ಡಿಂಕು ತುಂಟನಾಗಿದ್ದ, ಯಾರ ಮನಸ್ಸನ್ನೂ ನೋಯಿಸಿದ್ದು ನನಗೆ ನೆನಪಿಲ್ಲ.

ನಮ್ಮವರೂ ಎಲ್ಲವನ್ನೂ ಕಳೆದುಕೊಂಡಿಲ್ಲ. ಚಿಕ್ಕಮಗಳೂರಿನ ಹಿರೇಮಗಳೂರು ಕಣ್ಣನ್ ಟಿವಿಯ ಹರಟೆ ಕಾರ್ಯಕ್ರಮಕ್ಕೆ ಕೂತರೆ ನಮ್ಮ ಮನೆಯಲ್ಲಿ ಒಲೆ ಆರಿಸಿ ಬಂದು ಕೂರುತ್ತಿದ್ದರು. ಕೋದಂಡರಾಮನಿಗೆ ಕನ್ನಡದಲ್ಲೇ ಪೂಜೆ ಮಾಡುವ ಅರ್ಚಕರು ಅವರು. ಭಾಷಣಕ್ಕೆ ಬರುತ್ತಾರೆ ಅಂದರೆ ಜನ ಈಗಲೂ ಸೇರುತ್ತಾರೆ. ಡಾ. ನಾ. ಸೋಮೇಶ್ವರ ಅವರು 2002ರಲ್ಲಿ ಚಂದನದಲ್ಲಿ ಥಟ್ ಅಂತ ಹೇಳಿ ಅನ್ನೋ ರಸಪ್ರಶ್ನೆ ಕಾರ್ಯಕ್ರಮ ಶುರು ಮಾಡಿದರು. ಗೆದ್ದವರಿಗೆ ಪುಸ್ತಕ ಕೊಟ್ಟುಕೊಂಡೇ ಸಾವಿರಾರು ಕಂತು ದಾಟಿದರು. ಇದನ್ನು ಹೇಳಿದಾಗ ಚೇಟ್ಟ ನಂಬಲಿಲ್ಲ. ಫೋನಿನಲ್ಲಿ ತೋರಿಸಿದೆ.

ಆದರೂ ಆ ಚಿತ್ರಾನ್ನ ತಿನ್ನುತ್ತಿದ್ದವರ ಹೆಸರು ನನಗೆ ಬೇಕು. ಹಾಸನದಲ್ಲಿರುವ ಭಾವ ಗಣಪತಿ ಕಮಿಟಿಯಲ್ಲಿದ್ದಾರೆ. ಈ ಸಲ ಒಂದು ಸಂಜೆ ಹಾಡಿಲ್ಲದೆ ಇಡಿ, ಮಿಮಿಕ್ರಿಯವರಿಗೆ, ಗೊಂಬೆಯವರಿಗೆ ಮಾತ್ರ ಕೊಡಿ, ಪಾಂಪ್ಲೆಟ್ಟಿನಲ್ಲಿ ಎಲ್ಲರ ಹೆಸರೂ ಹಾಕಿ, ಆ ದಿನದ ಖರ್ಚು ನನ್ನದು ಅಂತ ಫೋನ್ ಮಾಡಿ ಹೇಳಿದೆ. "ಜನ ಎದ್ದು ಹೋಗ್ತಾರೆ ಕಣೋ" ಅಂದರು. ಎದ್ದು ಹೋಗಲ್ಲ ಭಾವ, ಮೊದಲು ಡ್ರಮ್ಮಿನವನಿಗೆ ರಜೆ ಕೊಟ್ಟು ನೋಡಿ ಅಂದಿದ್ದೇನೆ. ಮೀಟಿಂಗಿನಲ್ಲಿ ಇಡುತ್ತಾರಂತೆ.